ಬಂದೂಕು, ಕ್ಯಾಮೆರಾ, ಕಾರೆಕಾಯಿ: ಉತ್ತರ ಕನ್ನಡದ ವನ್ಯಜೀವಿ ವೀಕ್ಷಣೆಯ ಆರಂಭ ಕುರಿತು

ನಮ್ಮ ಜಿಲ್ಲೆಯಲ್ಲಿ ಕಾಡುಜೀವಿಗಳನ್ನು ಕೊಲ್ಲದೆ ನೋಡುವ ಪರಿಪಾಠ 1956ರ ದಾಂಡೇಲಿ ಅಭಯಾರಣ್ಯದಿಂದ ಶುರುವಾಯಿತು, ಅದಕ್ಕೂ ಹಿಂದಿನದೆಲ್ಲ ದೊರೆಗಳ ಶಿಕಾರಿ ಎಂಬ ವಾದವನ್ನು ಇನ್ನು ಕೈಬಿಡಬೇಕು. ಜೇಮ್ಸ್ ಡೇವಿಡ್‌ಸನ್, ಟಿ. ಆರ್. ಬೆಲ್, ಇ. ಎಚ್. ಏಟ್ಕನ್ ಮೂವರೂ ಸೇರಿ ಬರೆದು, 1896ರಿಂದ ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಜರ್ನಲ್‌ನಲ್ಲಿ ಕಂತುಕಂತಾಗಿ ಬಂದ ಉತ್ತರ ಕೆನರಾದ ಚಿಟ್ಟೆಗಳ ಲೇಖನವನ್ನು ಸೂಜಿಗೆ ಚುಚ್ಚಿದ ಮಾದರಿಗಳ ಪಟ್ಟಿಯೆಂದು ಓದಿದ್ದೇ ಈ ವಾದಕ್ಕೆ ಬಲ ಕೊಟ್ಟಿದೆ.

ಬಂದೂಕು ಹೋಗಿ ಕ್ಯಾಮೆರಾ ಬಂದಾಗ ವೀಕ್ಷಣೆ ಹುಟ್ಟಿತು ಎಂಬ ಅಳತೆಗೋಲು ಆಫ್ರಿಕದ ಸಫಾರಿಯಿಂದ ತಂದದ್ದು. ಅಲ್ಲಿಗೂ ಅದು ಹೊಂದುವುದಿಲ್ಲ. ರಾತ್ರಿಯ ಪ್ರಾಣಿಗಳನ್ನು ಫ್ಲ್ಯಾಷ್ ಬೆಳಕಿನಲ್ಲಿ ಸೆರೆಹಿಡಿದ ಜರ್ಮನಿಯ ಶಿಲ್ಲಿಂಗ್ಸ್ ಬಂದೂಕನ್ನೂ ಜೊತೆಗೇ ಒಯ್ದವರು. 1909ರಲ್ಲಿ ಹೊರಟ ರೂಸ್‌ವೆಲ್ಟ್ ತಂಡ ಸ್ಮಿತ್‌ಸೋನಿಯನ್ ಸಂಸ್ಥೆಗೆ ತಂದ ಮಾದರಿಗಳು 11,000 ದಾಟಿದ್ದವು. ಕೈಯಲ್ಲಿ ಏನಿತ್ತು ಎಂಬುದಕ್ಕಿಂತ, ಬರೆದಿಟ್ಟ ಸಂಗತಿ ಜೀವಂತ ಪ್ರಾಣಿಯನ್ನು ಕಾದು ನೋಡದೆ ತಿಳಿಯುವಂಥದೇ ಎಂದು ಕೇಳಬೇಕು.

ಕಾರೆಕಾಯಿಯ ಹುಳುವನ್ನೇ ನೋಡಿ. ವಿರಾಕೋಲ ಕುಲದ ಚಿಟ್ಟೆಯ ಮರಿಹುಳು ಕಾಯಿಯನ್ನು ಕೊರೆದು ಒಳಗೆ ತಿನ್ನುತ್ತ ಬೆಳೆಯುತ್ತದೆ. ಟೊಳ್ಳಾದ ಕಾಯಿ ಉದುರದಿರಲೆಂದು ಹೊರಗೆ ಬಂದು, ತೊಟ್ಟನ್ನು ತನ್ನದೇ ನೂಲಿನಿಂದ ಕೊಂಬೆಗೆ ಬಿಗಿಯುತ್ತದೆ. ಸತ್ತ ಚಿಟ್ಟೆಯ ರೆಕ್ಕೆಯಲ್ಲಿ ಇದರ ಸುಳಿವೂ ಸಿಗದು. ಈ ಮೂವರ ಲೇಖನದ ತಿರುಳೇ ಇಂಥದ್ದು: ಹುಳು ಯಾವ ಗಿಡ ತಿನ್ನುತ್ತದೆ, ಹೇಗೆ ಪೊರೆ ಕಳಚುತ್ತದೆ, ಎಲ್ಲಿ ಕೋಶ ಕಟ್ಟುತ್ತದೆ. ಈಗ ನಮ್ಮ ರಾಜ್ಯಚಿಟ್ಟೆಯಾಗಿರುವ ದೊಡ್ಡ ರೆಕ್ಕೆಯ ಚಿಟ್ಟೆಗೂ ಈಶ್ವರಬಳ್ಳಿಗೂ ಇರುವ ನಂಟು ತಿಳಿಯಬೇಕಾದರೆ ಬಳ್ಳಿಯ ಎಲೆ ಮಗುಚಿ ನೋಡಬೇಕು, ಹುಳುವನ್ನು ಸಾಕಬೇಕು, ದಿನವೂ ಹೊಸ ಸೊಪ್ಪು ತಂದು ಹಾಕಬೇಕು. ಇದು ವೀಕ್ಷಣೆಯಲ್ಲವೆಂದರೆ ಜೀಪಿನಲ್ಲಿ ಕೂತು ಹುಲಿಯ ಬಾಲ ಕಂಡದ್ದೂ ವೀಕ್ಷಣೆಯಲ್ಲ.

(ಮೂವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಲು ನಾನು ಸಿದ್ಧನಿಲ್ಲ. ಕಲೆಕ್ಟರ್ ಡೇವಿಡ್‌ಸನ್‌ಗೆ ಹಕ್ಕಿಗಳ ಮೊಟ್ಟೆ ಕೂಡಿಹಾಕುವ ಗೀಳಿತ್ತು. ಏಟ್ಕನ್ ಉಪ್ಪು–ಸುಂಕದ ಇಲಾಖೆಯವರು, ಬರವಣಿಗೆಯ ಸೊಗಸಿಗಾಗಿ ಹೆಚ್ಚು ಮೆಚ್ಚುಗೆ ಪಡೆದವರು. ಅರಣ್ಯಾಧಿಕಾರಿ ಬೆಲ್ ನಿವೃತ್ತಿಯ ಬಳಿಕವೂ 1948ರಲ್ಲಿ ತೀರಿಕೊಳ್ಳುವವರೆಗೆ ಕಾರವಾರದಲ್ಲೇ ಉಳಿದರು. ನನ್ನ ಗೌರವ ಅವರ ಕಡೆಗೇ ವಾಲುತ್ತದೆ.)

ಹೇರೂರಿನಂಥ ಘಟ್ಟದ ಮೇಲಿನ ಊರುಗಳು ಈ ಚರಿತ್ರೆಗೆ ಬರುವುದು ಇಲ್ಲಿಯೇ. ಸೊಪ್ಪಿನ ಬೆಟ್ಟದಲ್ಲಿ ಮರ ಹತ್ತಿ ಸೊಪ್ಪು ಕಡಿಯುವವರಿಗೆ, ಅಡಿಕೆ ಕೊನೆ ಕೊಯ್ಯುವವರಿಗೆ ಎಲೆಯಡಿಯ ಹುಳು ಮೊದಲು ಕಾಣುತ್ತದೆ. ಯಾವ ಗಿಡಕ್ಕೆ ಯಾವ ಹುಳು, ಯಾವ ಮಳೆಯಲ್ಲಿ ಎಂಬುದು ಅವರಿಗೆ ಕೆಲಸದ ತಿಳಿವಳಿಕೆ. ಅಧಿಕಾರಿಗಳ ಟಿಪ್ಪಣಿಯ ಹಿಂದೆ ಇಂಥ ಕಣ್ಣುಗಳೂ ಇದ್ದವೆಂಬುದು ನನ್ನ ಊಹೆ. ಮಾದರಿಯ ಪಟ್ಟಿಯೆಂದು ತಳ್ಳಿಹಾಕಿದವರಿಗೆ ಈ ಪ್ರಶ್ನೆ ಹೊಳೆಯುವ ಸಂಭವವೇ ಇರಲಿಲ್ಲ. ಆ ಲೇಖನದ ಆಹಾರ ಸಸ್ಯಗಳನ್ನು ಒಂದೊಂದಾಗಿ ನಮ್ಮ ಬೆಟ್ಟಗಳ ಗಿಡಗಳ ಜೊತೆ ಹೋಲಿಸಿ, ತೋಟದ ಅಂಚಿನವು ಎಷ್ಟು, ದಟ್ಟ ಕಾಡಿನವು ಎಷ್ಟು ಎಂದು ಬೇರ್ಪಡಿಸುವ ಕೆಲಸ ಮೊದಲು ಆಗಲಿ. ದಾಂಡೇಲಿಯ 1956 ಅಭಯಾರಣ್ಯದ ಇಸವಿ, ನೋಟದ ಇಸವಿಯಲ್ಲ.