ಜಗ್ಗಿನ ಮೇಲೆ ಮೂಡದ ಮುಖ

ಮಣ್ಣಿಗೆ ಮುಖ ಕೊಡುವವನು ಕುಂಬಾರ. ಯಾರ ಮುಖ ಕೊಡಬೇಕೆಂಬುದನ್ನು ಮಾತ್ರ ಹೆಚ್ಚಾಗಿ ಗೆದ್ದವರೇ ತೀರ್ಮಾನಿಸುತ್ತಾರೆ.

ಇಂಗ್ಲೆಂಡಿನ ಸ್ಟಾಫರ್ಡ್‌ಷೈರ್ ಕುಂಬಾರಿಕೆಗೆ ಹೆಸರಾದ ಸೀಮೆ. 18ನೇ ಶತಮಾನದಲ್ಲಿ ಅಲ್ಲಿ 'ಟೋಬಿ ಜಗ್ಗು' ಹುಟ್ಟಿತು. ಮೂರು ಮೂಲೆಯ ಟೋಪಿ ಹಾಕಿ ಕುಳಿತ ಕುಡುಕನೊಬ್ಬನ ಆಕಾರದ ಹೂಜಿ ಅದು. 1934ರಿಂದ ಡೌಲ್ಟನ್ ಕಂಪೆನಿ ತಲೆ, ಭುಜಗಳಷ್ಟೇ ಇರುವ ಜಗ್ಗುಗಳನ್ನು ತಂದಿತು. ಕಾಲಕ್ರಮದಲ್ಲಿ ಸೇನಾನಿಗಳೂ ಅದರ ಮೇಲೆ ಮೂಡಿದರು: ನೆಲ್ಸನ್, ನೆಪೋಲಿಯನ್, ವೆಲಿಂಗ್ಟನ್. ಇವು ನೀರು ಕುಡಿಯಲಿಕ್ಕಲ್ಲ, ಷೋಕೇಸಿನಲ್ಲಿ ಇಡಲಿಕ್ಕೆ.

ವೆಲಿಂಗ್ಟನ್ ಎಂದರೆ ಜಗತ್ತಿಗೆ 1815ರ ವಾಟರ್ಲೂ. ಗುಂಜಹಳ್ಳಿ, ಮಾನ್ವಿ, ದೇವದುರ್ಗದ ನಮಗೆ ಆತನ ಪರಿಚಯ ಅದಕ್ಕಿಂತ ಹಳೆಯದಾಗಬೇಕಿತ್ತು. 1800ರಲ್ಲಿ ಆತ ಇನ್ನೂ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ನಿಜಾಮನ ಆಳ್ವಿಕೆಯಲ್ಲಿದ್ದ ನಮ್ಮ ದೋಆಬಿಗೆ ಆತ ಬಂದದ್ದು ಧೋಂಡಿಯಾ ವಾಘನನ್ನು ಬೆನ್ನಟ್ಟಿ.

ಧೋಂಡಿಯಾ ಚನ್ನಗಿರಿಯವನು, ಹೈದರಾಲಿಯ ಸೈನ್ಯದಲ್ಲಿದ್ದವನು. ಟಿಪ್ಪು ಅವನನ್ನು ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿಟ್ಟಿದ್ದ. ಅಲ್ಲೇ ಅವನು ಮುಸ್ಲಿಮನಾದ. 1799ರ ಮೇ 4ರಂದು ಕೋಟೆ ಬಿದ್ದಾಗ ಹೊರಬಂದು, ಟಿಪ್ಪುವಿನ ಚದುರಿದ ಸೈನಿಕರನ್ನೇ ಕೂಡಿಸಿಕೊಂಡ. ತನ್ನನ್ನು 'ಉಭಯಲೋಕಾಧೀಶ್ವರ'ನೆಂದು ಕರೆದುಕೊಂಡ. ಅವನು ಊರುಗಳನ್ನು ಸುಲಿದದ್ದೂ ನಿಜ. ಅವನನ್ನು ಸಂತನನ್ನಾಗಿ ಮಾಡುವ ಅಗತ್ಯ ನಮಗಿಲ್ಲ. ಆದರೆ ಇಂಗ್ಲಿಷರು ಬರೆದಂತೆ ಬರಿಯ ದರೋಡೆಕೋರನೆಂದು ಮುಗಿಸಿಬಿಡುವುದೂ ನ್ಯಾಯವಲ್ಲ.

ಜುಲೈ 30ರಂದು ಮಲಪ್ರಭೆಯ ದಡದ ಮುನವಳ್ಳಿಯ ಬಳಿ ಅವನ ಸರಂಜಾಮು ನಾಶವಾಯಿತು. ಸೆಪ್ಟೆಂಬರ್ 10ರಂದು ಕೋನಗಲ್ ಎಂಬಲ್ಲಿ ನಾಲ್ಕು ಕುದುರೆ ರೆಜಿಮೆಂಟುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ವೆಲ್ಲೆಸ್ಲಿ ತಾನೇ ಮುಂದಾಗಿ ನುಗ್ಗಿದ. ಧೋಂಡಿಯಾ ಸತ್ತ. ಗೆಲುವಿನ ಪತ್ರ ಹೊರಟದ್ದು ಈಗಿನ ಸಿಂಧನೂರು ತಾಲೂಕಿನ ಯಾಪಲಪರ್ವಿಯ ಶಿಬಿರದಿಂದ.

ಸತ್ತವನ ಸರಂಜಾಮಿನ ನಡುವೆ ನಾಲ್ಕು ವರ್ಷದ ಬಾಲಕನೊಬ್ಬ ಸಿಕ್ಕಿದ: ಧೋಂಡಿಯಾನ ಸಾಕುಮಗ ಸಲಾಬತ್ ಖಾನ್. ವೆಲ್ಲೆಸ್ಲಿ ಅವನನ್ನು ತನ್ನ ಡೇರೆಗೆ ಕರೆತಂದ. ಭಾರತ ಬಿಡುವಾಗ ಅವನ ಪೋಷಣೆಗೆ ಹಣವನ್ನೂ ಇಟ್ಟುಹೋದ. ಹುಡುಗ ಬೆಳೆದು ಮೈಸೂರು ಅರಸರ ಸೇವೆಗೆ ಸೇರಿ, 1822ರಲ್ಲಿ ಕಾಲರಾದಿಂದ ತೀರಿಕೊಂಡ. ಶತ್ರುವಿನ ಈ ಕರುಣೆಯನ್ನು ನಾವು ಮುಚ್ಚಿಡಬೇಕಿಲ್ಲ. ಆದರೆ ಆ ಮಗುವನ್ನು ತಬ್ಬಲಿ ಮಾಡಿದ್ದೂ ಅದೇ ಕೈ ಎಂಬುದನ್ನು ಮರೆಯಬಾರದು.

ವೆಲಿಂಗ್ಟನ್‌ನ ಮುಖ ಪಿಂಗಾಣಿಯಲ್ಲಿ ಉಳಿಯಿತು. ಧೋಂಡಿಯಾನಿಗಾಗಲಿ, ಸಲಾಬತ್‌ಗಾಗಲಿ ಅಂಥ ಜಗ್ಗು ಬೇಕೆಂದು ನಾವು ಕೇಳುತ್ತಿಲ್ಲ. ವಾಟರ್ಲೂ ಎಲ್ಲಿದೆಯೆಂದು ಬಲ್ಲ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಯಾಪಲಪರ್ವಿಯ ಕಥೆ ಗೊತ್ತು? ಅದನ್ನು ಹೇಳಬೇಕಾದವರು ಇಂಗ್ಲೆಂಡಿನ ಕುಂಬಾರರಲ್ಲ, ನಾವು.