ಲೋಪಾಮುದ್ರೆಯ ಮಾತು: ಮಧ್ಯವಯಸ್ಸನ್ನು ದಾಟಿದ ಸ್ತ್ರೀಯರ ದಾಂಪತ್ಯದ ವಿಷಯದಲ್ಲಿ ನಮ್ಮ ಪ್ರಾಚೀನ ಗ್ರಂಥಗಳು

ಋಗ್ವೇದದ ಪ್ರಥಮ ಮಂಡಲದ ೧೭೯ನೆಯ ಸೂಕ್ತದಲ್ಲಿರುವುವು ಆರೇ ಮಂತ್ರಗಳು. ಇದರ ದೇವತೆ ರತಿಯೆಂದೂ, ಮೊದಲೆರಡು ಮಂತ್ರಗಳಿಗೆ ಲೋಪಾಮುದ್ರೆ, ಮುಂದಿನ ಎರಡಕ್ಕೆ ಅಗಸ್ತ್ಯ, ಕಡೆಯ ಎರಡಕ್ಕೆ ಅವನ ಶಿಷ್ಯನಾದ ಬ್ರಹ್ಮಚಾರಿ ಋಷಿಗಳೆಂದೂ ಸರ್ವಾನುಕ್ರಮಣಿಯು ಹೇಳುವುದು. ನಾನು ಓದಿದ ಪಾಠಶಾಲೆಯಲ್ಲಿ ಈ ಸೂಕ್ತದ ಸ್ವರವನ್ನು ಅಣುಮಾತ್ರವೂ ತಪ್ಪದಂತೆ ಹೇಳಿಸಿದರು. ಅರ್ಥವನ್ನು ಮಾತ್ರ ಹೇಳಲಿಲ್ಲ. ಅಧ್ಯಾಪಕನಾದ ಮೇಲೆ ನಾನೂ ಬಹುಕಾಲ ಹಾಗೆಯೇ ಮಾಡಿದೆನು. ಹೀಗೆ ಬಿಟ್ಟುಹೋದ ಅರ್ಥದಿಂದ ಆದ ಹಾನಿಯೇನೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

“ಮುಟ್ಟು ನಿಂತ ಹೆಂಗಸಿಗೆ ಪತಿಯ ಸಂಗದ ಬಯಕೆ ಇರತಕ್ಕುದಲ್ಲ, ಇದು ಶಾಸ್ತ್ರದ ಮಾತು” ಎಂದು ನಮ್ಮಲ್ಲಿ ಹೇಳುವವರುಂಟು. ಇಂತಹ ಶಾಸ್ತ್ರವಾವುದು? ಅದನ್ನು ಹುಡುಕಹೊರಟವನಿಗೆ ಮೊದಲು ಎದುರಾಗುವುದು ಇದಕ್ಕೆ ಪ್ರತಿಯಾಗಿ ನುಡಿಯುವ ಈ ಸೂಕ್ತವೇ ಆಗಿದೆ.

(೧)

ಲೋಪಾಮುದ್ರೆಯು ಹೇಳುವುದಿಷ್ಟು: ಅನೇಕ ಸಂವತ್ಸರಗಳಿಂದ ಹಗಲಿರುಳೂ ಶ್ರಮಪಟ್ಟಿದ್ದೇನೆ; ಒಂದೊಂದು ಉಷಃಕಾಲವೂ ಮುಪ್ಪನ್ನು ಹತ್ತಿರಕ್ಕೆ ತರುತ್ತಿದೆ; ಮುಪ್ಪು ದೇಹದ ಕಾಂತಿಯನ್ನು ಕುಂದಿಸುತ್ತಿದೆ; ಹೀಗಿದ್ದರೂ ಪತಿಯಾದವನು ಪತ್ನಿಯನ್ನು ಸೇರತಕ್ಕುದು. ಋತವನ್ನು ಪಾಲಿಸಿ ದೇವತೆಗಳೊಡನೆ ಸಂಭಾಷಿಸಿದ ಪೂರ್ವಿಕರೂ ಈ ವ್ರತದ ಕೊನೆಯನ್ನು ಕಾಣಲಿಲ್ಲವೆಂದು ಎರಡನೆಯ ಮಂತ್ರದಲ್ಲಿ ಹೇಳಿ, ತನ್ನ ಮಾತಿಗೆ ಪ್ರಮಾಣವನ್ನೂ ಕೊಡುವಳು.

ಇಲ್ಲಿ ಎರಡಂಶಗಳನ್ನು ಗಮನಿಸಬೇಕು. ಮೊದಲನೆಯದು, ಮಾತನ್ನು ಆರಂಭಿಸುವವಳು ಹೆಂಡತಿ, ಅವಳು ನವವಧುವಲ್ಲ. ವಯಸ್ಸಿನ ಲೆಕ್ಕವನ್ನು ಮಂತ್ರವು ಕೊಡದಿದ್ದರೂ, ಬಹುಕಾಲ ಸಂಸಾರಭಾರವನ್ನು ಹೊತ್ತು ಮುಪ್ಪಿನ ಹೊಸ್ತಿಲಿಗೆ ಬಂದ ಸ್ತ್ರೀಯ ಮಾತು ಇದೆಂಬುದರಲ್ಲಿ ಸಂದೇಹವಿಲ್ಲ. ಎರಡನೆಯದು, ಅವಳ ಎರಡು ಮಂತ್ರಗಳಲ್ಲಿ ಸಂತಾನದ ಮಾತೇ ಇಲ್ಲ. ಪ್ರಜೆ, ಅಪತ್ಯ, ಬಲಗಳ ಪ್ರಸ್ತಾಪ ಬರುವುದು ಕಡೆಯ ಮಂತ್ರದಲ್ಲಿ. ಅದೂ ಅಗಸ್ತ್ಯನು ಬಯಸಿದನೆಂದು. ಅವಳ ಕೋರಿಕೆಗೆ ಅಗಸ್ತ್ಯನ ಉತ್ತರವಾದರೂ ತಿರಸ್ಕಾರವಲ್ಲ. ಪಟ್ಟ ಶ್ರಮ ವ್ಯರ್ಥವಲ್ಲ, ದಂಪತಿಗಳಾಗಿ ಒಟ್ಟಿಗೆ ಮುಂದುವರಿದು ಜಯಿಸೋಣವೆಂದು ಅವನು ಹೇಳುವನು.

ನಾಲ್ಕನೆಯ ಮಂತ್ರದ ವಿಷಯದಲ್ಲಿ ಮತಭೇದವುಂಟು. ಅನುಕ್ರಮಣಿಯು ಅದನ್ನು ಅಗಸ್ತ್ಯನಿಗೆ ಕೊಟ್ಟರೂ, ಯಾಸ್ಕನು ನಿರುಕ್ತದ ಐದನೆಯ ಅಧ್ಯಾಯದಲ್ಲಿ ಅದನ್ನು ಋಷಿಪುತ್ರಿಯ ವಿಲಾಪವೆಂದು ಸೂಚಿಸಿರುವನು. ಯಾಸ್ಕನ ಪಕ್ಷವನ್ನು ಹಿಡಿದರೆ ಈ ಸೂಕ್ತದ ಅರ್ಧಭಾಗ ಸ್ತ್ರೀಯ ಮಾತಾಗುವುದು.

(೨)

ಮುಂದಿನ ಗ್ರಂಥಗಳು ಈ ಮಾತನ್ನು ಹೇಗೆ ಸ್ವೀಕರಿಸಿದುವೆಂಬುದೇ ಇಲ್ಲಿ ಮುಖ್ಯವಾದ ಇತಿಹಾಸ. ಶೌನಕನದೆಂದು ಪ್ರಸಿದ್ಧವಾದ ಬೃಹದ್ದೇವತೆಯು ಇದೇ ಸೂಕ್ತದ ಕಥೆಯನ್ನು ಹೇಳುವಾಗ, ಋತುಸ್ನಾತೆಯಾದ ಪತ್ನಿಯೊಡನೆ ಸಂಗವನ್ನು ಬಯಸಿ ಏಕಾಂತದಲ್ಲಿ ಋಷಿಯೇ ಮಾತಿಗೆ ತೊಡಗಿದನೆನ್ನುವುದು. ಮಂತ್ರದಲ್ಲಿ ಮೊದಲು ನುಡಿದವಳು ಇಲ್ಲಿ ಉತ್ತರ ಕೊಡುವವಳಾದಳು. ಋತುವಿನ ಮಾತು ಮಂತ್ರದಲ್ಲಿಲ್ಲ. ಅದನ್ನು ಕಥೆ ಸೇರಿಸಿತು.

ಮಹಾಭಾರತದ ವನಪರ್ವದಲ್ಲಿ ಈ ಬದಲಾವಣೆ ಪೂರ್ಣವಾಗುವುದು. ಅಲ್ಲಿ ಅಗಸ್ತ್ಯನು ವಿವಾಹವಾಗುವುದು, ಗುಂಡಿಯಲ್ಲಿ ತಲೆಕೆಳಗಾಗಿ ತೂಗುತ್ತಿದ್ದ ಪಿತೃಗಳಿಗಾಗಿ, ಎಂದರೆ ಸಂತಾನಕ್ಕಾಗಿ. ಲೋಪಾಮುದ್ರೆಯು ವಿದರ್ಭದ ರಾಜಪುತ್ರಿ. ಋತುಸ್ನಾತೆಯಾಗಿ ತಪಸ್ಸಿನಿಂದ ಬೆಳಗುತ್ತಿದ್ದ ಅವಳನ್ನು ಕಂಡು ಋಷಿಯೇ ಸಂಗಕ್ಕೆ ಕರೆಯುವನು. ತಂದೆಯ ಮನೆಯಲ್ಲಿದ್ದಂತಹ ಶಯ್ಯೆಯೂ ಆಭರಣಗಳೂ ಬೇಕೆಂದು ಅವಳು ನಾಚಿ ಕೇಳುವಳು. ಇಲ್ವಲ ವಾತಾಪಿಗಳ ಕಥೆ ಈ ಧನಾರ್ಜನೆಯ ನಿಮಿತ್ತದಿಂದ ಬಂದುದಾಗಿದೆ. ಕಥೆಯಾಗಿ ಇದು ಸುಂದರವೇ. ಆದರೆ ಮುಪ್ಪು ಹೋಯಿತು, ಶ್ರಮ ಹೋಯಿತು, ಮೊದಲ ಮಾತೂ ಹೋಯಿತು. ವಯಸ್ಸಾದ ಹೆಂಡತಿಯ ಬೇಡಿಕೆ ತರುಣಿಯ ಒಡವೆಯ ಬೇಡಿಕೆಯಾಗಿ ಮಾರ್ಪಟ್ಟಿತು.

(೩)

ಇನ್ನು ಆಯುರ್ವೇದವನ್ನು ನೋಡೋಣ. ಹನ್ನೆರಡು ವರ್ಷದಿಂದ ತೊಡಗುವ ರಜಸ್ಸು ಜರೆಯಿಂದ ಶರೀರ ಪಕ್ವವಾದಾಗ ಐವತ್ತರ ಹೊತ್ತಿಗೆ ಕ್ಷಯಿಸುವುದೆಂದು ಸುಶ್ರುತಸಂಹಿತೆಯು ಹೇಳುವುದು. ಆ ವಚನವು ರಜಸ್ಸಿನ ಕ್ಷಯವನ್ನು ಹೇಳಿತೇ ಹೊರತು ಇಚ್ಛೆಯ ಕ್ಷಯವನ್ನು ಹೇಳಲಿಲ್ಲ. ಕಾಮಶಾಸ್ತ್ರದಲ್ಲಿ ಪ್ರಚಲಿತವಾದ ವಿಭಾಗದಂತೆ ಹದಿನಾರರವರೆಗೆ ಬಾಲೆ, ಮೂವತ್ತರವರೆಗೆ ತರುಣಿ, ಐವತ್ತೈದರವರೆಗೆ ಪ್ರೌಢೆ, ಅನಂತರ ವೃದ್ಧೆ. ಎರಡನ್ನೂ ಕೂಡಿಸಿ ನೋಡಿದರೆ, ರಜಸ್ಸು ನಿಂತ ಮೇಲೆಯೂ ಸ್ತ್ರೀಯು ಕೆಲವು ವರ್ಷ ಪ್ರೌಢೆಯೇ ಆಗಿರುವಳು. ಮುಟ್ಟು ನಿಂತುದೇ ದಾಂಪತ್ಯದ ಅಂತ್ಯವೆಂಬುದಕ್ಕೆ ಇಲ್ಲಿ ಆಧಾರವಿಲ್ಲ.

ಚರಕಸಂಹಿತೆಯ ಚಿಕಿತ್ಸಾಸ್ಥಾನವು ಇಪ್ಪತ್ತು ಯೋನಿವ್ಯಾಪತ್ತುಗಳನ್ನು ಎಣಿಸುವುದು. ಅವುಗಳಲ್ಲಿ ‘ಶುಷ್ಕಾ’ ಎಂಬುದೊಂದು. ವಾಯುವಿನ ಪ್ರಕೋಪದಿಂದ ಯೋನಿಮುಖ ಒಣಗಿ ನೋವಾಗುವುದು ಇದರ ಲಕ್ಷಣ. ವಾತದಿಂದ ಹುಟ್ಟಿದ ಇಂತಹ ವ್ಯಾಧಿಗಳಿಗೆ ಸ್ನೇಹ, ಸ್ವೇದ, ತೈಲದಲ್ಲಿ ನೆನೆಸಿದ ಪಿಚು ಮುಂತಾದುವು ವಿಹಿತವಾಗಿವೆ. ಆಚಾರ್ಯರಿಗೆ ವ್ಯಾಧಿ ತಿಳಿದಿತ್ತು, ಉಪಚಾರವೂ ತಿಳಿದಿತ್ತು. ಆದರೆ ಶುಷ್ಕೆಗೆ ಅವರು ಹೇಳಿದ ಕಾರಣ ಸಂಗಕಾಲದಲ್ಲಿ ಮಲಮೂತ್ರವೇಗಗಳನ್ನು ತಡೆಯುವುದು, ವಯಸ್ಸಲ್ಲ. ವೃಷ್ಯಯೋಗಗಳನ್ನು ಹೇಳುವ ವಾಜೀಕರಣಪ್ರಕರಣವಾದರೋ ಪುರುಷನನ್ನೇ ಉದ್ದೇಶಿಸಿ ಹೊರಟಿದೆ.

ಶುಷ್ಕತೆಗೂ ವಯಸ್ಸಿಗೂ ಇರುವ ಸಂಬಂಧವನ್ನು ಇಂದಿನ ವೈದ್ಯಶಾಸ್ತ್ರವು ಸ್ಪಷ್ಟಪಡಿಸಿದೆ. ರಜೋನಿವೃತ್ತಿಯು ಸಾಮಾನ್ಯವಾಗಿ ೪೫ರಿಂದ ೫೫ ವರ್ಷಗಳ ನಡುವೆ ಆಗುವುದು. ಆಗ ಈಸ್ಟ್ರೋಜನ್ ಎಂಬ ಗ್ರಂಥಿಸ್ರಾವ ಕುಂದುವುದರಿಂದ ಯೋನಿಯ ಒಳಪದರ ತೆಳುವಾಗಿ ಒಣಗುವುದು. ಸಂಗದಲ್ಲಿ ನೋವು, ಮೂತ್ರದಲ್ಲಿ ಉರಿ ಕಾಣಿಸಿಕೊಳ್ಳಬಹುದು. ಮೈಬಿಸಿಯಂತೆ ಇದು ಕಾಲಕ್ರಮದಲ್ಲಿ ತಾನಾಗಿ ಶಮನವಾಗುವುದು ಅಪೂರ್ವ. ಆದರೆ ಸ್ನಿಗ್ಧಲೇಪಗಳಿಂದಲೂ, ವೈದ್ಯರ ಸಲಹೆಯಂತೆ ಆ ಸ್ಥಾನದಲ್ಲೇ ಉಪಯೋಗಿಸುವ ಈಸ್ಟ್ರೋಜನ್ ಔಷಧದಿಂದಲೂ ಬಹುಮಟ್ಟಿಗೆ ಸಾಧ್ಯವಾದ ವ್ಯಾಧಿಯಿದು. ಹೀಗಿರಲು, ನೋವಿನಿಂದ ದೂರ ಸರಿದವಳನ್ನು ‘ವಯೋಧರ್ಮದಿಂದ ವಿರಕ್ತಳಾದಳು’ ಎಂದು ಹೊಗಳುವುದು ಅಜ್ಞಾನವೇ ಸರಿ. ಸ್ವೇಚ್ಛೆಯಿಂದ ವಿರಕ್ತರಾದವರ ಮಾತು ಬೇರೆ.

(೪)

ವೃದ್ಧೆಯ ಇಚ್ಛೆಯನ್ನು ಬಾಯಿಬಿಟ್ಟು ಹೇಳುವ ಇನ್ನೊಂದು ಪ್ರಕರಣ ಮಹಾಭಾರತದ ಅನುಶಾಸನಪರ್ವದಲ್ಲಿದೆ. ವದಾನ್ಯನ ಮಗಳಾದ ಸುಪ್ರಭೆಯನ್ನು ಬಯಸಿದ ಅಷ್ಟಾವಕ್ರನನ್ನು ಅವಳ ತಂದೆಯು ಉತ್ತರದಿಕ್ಕಿಗೆ ಕಳುಹುವನು. ಅಲ್ಲಿ ಒಬ್ಬ ವೃದ್ಧ ತಪಸ್ವಿನಿ ರಾತ್ರಿಯಲ್ಲಿ ಚಳಿಯ ನೆವದಿಂದ ಅವನ ಶಯ್ಯೆಗೆ ಬರುವಳು. ಅವನು ಒಪ್ಪುವುದಿಲ್ಲ. ತಾನು ಸ್ವತಂತ್ರಳೆಂದು ಅವಳು ಹೇಳಿದರೆ, ಸ್ತ್ರೀಗೆ ಸ್ವಾತಂತ್ರ್ಯವಿಲ್ಲವೆಂದು ಅವನು ಉತ್ತರಿಸುವನು. ಕಡೆಗೆ ಅವಳು ತಾನು ಉತ್ತರದಿಕ್ಕೇ ಎಂದು ತಿಳಿಸಿ, ವೃದ್ಧಸ್ತ್ರೀಯರನ್ನೂ ಕಾಮಜ್ವರ ಬಾಧಿಸುವುದೆಂದು ಹೇಳುವಳು.

ಲೋಪಾಮುದ್ರೆಯು ಹೇಳಿದುದೂ ಈ ಸತ್ಯವನ್ನೇ. ಆದರೆ ಸೂಕ್ತದಲ್ಲಿ ಅದು ಪತಿಯೊಡನೆ ಪತ್ನಿಯ ನ್ಯಾಯವಾದ ನಿವೇದನೆ. ಇಲ್ಲಿ ಬ್ರಹ್ಮಚಾರಿಯ ಪರೀಕ್ಷೆಗೆ ಒಡ್ಡಿದ ಬಲೆ, ಸ್ತ್ರೀಚಾಪಲ್ಯಕ್ಕೆ ಕೊಟ್ಟ ನಿದರ್ಶನ. ನಮ್ಮ ಪರಂಪರೆಯು ಈ ಇಚ್ಛೆಯನ್ನು ಅರಿಯದೆ ಇರಲಿಲ್ಲ. ಅರಿತೂ ಅದನ್ನು ಮಾತಿನ ಸ್ಥಾನದಿಂದ ದೋಷದ ಸ್ಥಾನಕ್ಕೆ ಇಳಿಸಿತು. ಮೇಲೆ ಹೇಳಿದ ಲೋಕವಾದ ಹುಟ್ಟಿದುದು ಈ ಇಳಿತದಿಂದಲೇ ಹೊರತು ಶಾಸ್ತ್ರವಚನದಿಂದಲ್ಲವೆಂದು ನನಗೆ ತೋರುವುದು.

(೫)

೧೪ನೆಯ ಶತಮಾನದಲ್ಲಿ ವಿಜಯನಗರದ ಆಶ್ರಯದಲ್ಲಿ ವೇದಭಾಷ್ಯವನ್ನು ರಚಿಸಿದ ಸಾಯಣಾಚಾರ್ಯರು ಈ ಸೂಕ್ತವನ್ನು ಬಿಟ್ಟು ಮುಂದೆ ಹೋಗಲಿಲ್ಲ. ಮೈಸೂರಿನ ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯ ಮೂಲಕ ಋಗ್ವೇದವು ಸಾಯಣಭಾಷ್ಯ ಮತ್ತು ಕನ್ನಡ ಅನುವಾದಗಳೊಡನೆ ನಮ್ಮ ಕೈಗೆ ಬಂದಿದೆ. ಆಚಾರ್ಯರು ನಾಚದೆ ಬರೆದುದನ್ನು ಉಪಾಧ್ಯಾಯರು ನಾಚಿ ಮರೆಸುವುದು ಉಚಿತವಲ್ಲ.

ಲೋಪಾಮುದ್ರೆಯು ಕನ್ನಡನಾಡಿಗೆ ಪರಕೀಯಳೂ ಅಲ್ಲ. ಕೊಡಗಿನ ಐತಿಹ್ಯದಂತೆ ಅವಳೇ ಕಾವೇರಿ. ತನ್ನನ್ನು ಒಂಟಿಯಾಗಿ ಬಿಟ್ಟುಹೋಗಬಾರದೆಂಬ ನಿಯಮದ ಮೇಲೆ ಅಗಸ್ತ್ಯನನ್ನು ವರಿಸಿದಳು. ಅವನು ಕಮಂಡಲುವಿನಲ್ಲಿರಿಸಿ ಸ್ನಾನಕ್ಕೆ ಹೋದಾಗ ಹರಿದು ಹೊರಟಳು. ವೇದದ ಲೋಪಾಮುದ್ರೆಯಾಗಲಿ, ಈ ಕಾವೇರಿಯಾಗಲಿ ಕೇಳಿದುದು ಒಂದೇ: ಪತಿಯ ಸಾಮೀಪ್ಯ. ವೇದದಲ್ಲಿ ಆ ಮಾತಿಗೆ ಉತ್ತರ ದೊರೆಯಿತು. ನಮ್ಮ ಮನೆಗಳಲ್ಲಿ ಐವತ್ತನ್ನು ದಾಟಿದವರು ಇದನ್ನೇ ಕೇಳಲಾರದೆ, ವೈದ್ಯರೊಡನೆಯೂ ಹೇಳಲಾರದೆ ಇರುವಲ್ಲಿ, ಈ ಆರು ಮಂತ್ರಗಳಿಗೆ ಅರ್ಥ ಹೇಳುವುದು ಅಧ್ಯಾಪಕರ ಕರ್ತವ್ಯವೆಂದು ನಾನು ಭಾವಿಸುತ್ತೇನೆ. ನನ್ನ ಪಾಠದಲ್ಲಿ ಈಗ ಅದನ್ನು ಬಿಡುತ್ತಿಲ್ಲ.