ಕೃಷ್ಣೆಯ ಕರಾರು: 75ರಿಂದ 65ಕ್ಕೆ

ಕ್ಲೌಡ್ ಸೇವೆ ಕೊಳ್ಳುವಾಗ ನಾವು ಸಾಫ್ಟ್‌ವೇರ್ ಮಂದಿ 99.9% ಖಾತ್ರಿ ಕೇಳ್ತೀವಲ್ಲ, ಬೀಳಗಿ-ಜಮಖಂಡಿ ಕಡೆಯ ಕೃಷ್ಣೆಗೂ ಅಂಥದೇ ಲೆಕ್ಕ ಇದೆ!

1973ರ ಬಚಾವತ್ ತೀರ್ಪು, 100ರಲ್ಲಿ 75 ವರ್ಷ ಸಿಗುವಷ್ಟು, ಅಂದರೆ 2060 ಟಿಎಂಸಿ ನೀರನ್ನು ಆಧಾರವಾಗಿಟ್ಟುಕೊಂಡು ಪಾಲು ಮಾಡಿತು. ಅಗತ್ಯ ಬದಲಾಗುತ್ತೆ ಅಂತ 2000ದ ಮೇ 31ರ ನಂತರ ಮರುಪರಿಶೀಲನೆಗೆ ಬಾಗಿಲನ್ನೂ ತೆರೆದಿಟ್ಟಿತು. 2004ರಲ್ಲಿ ರಚನೆಯಾದ ಎರಡನೇ ನ್ಯಾಯಮಂಡಳಿ 2010ರಲ್ಲಿ ಖಾತ್ರಿಯನ್ನು 65%ಕ್ಕೆ ಇಳಿಸಿತು. ಹಂಚಲು ನೀರು ಹೆಚ್ಚಾಯ್ತು, ಕೊರತೆಯ ವರ್ಷಗಳೂ ಹೆಚ್ಚಾದವು. ಆಲಮಟ್ಟಿಗೆ 519.6ರ ಬದಲು 524.256 ಮೀಟರ್ ಎತ್ತರಕ್ಕೆ ಒಪ್ಪಿಗೆ ಸಿಕ್ಕಿತು. ಆದರೆ ತೀರ್ಪು ಗೆಜೆಟ್‌ನಲ್ಲಿ ಬರದಂತೆ 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು.

ವಾದ ಮಾಡಿದ್ದು ರಾಜ್ಯಗಳು, ಮುಳುಗುವ ಹೊಲ ಮಾತ್ರ ರೈತರದು. ಹಿನ್ನೀರಿನಂಚಿನ ರೈತ ಬಾವಿ ತೋಡಿಸಲೋ ಬೇಡವೋ ಅಂದರೆ ಏನು ಹೇಳೋಣ? ಕರಾರಿನಲ್ಲಿ ಮರುಪರಿಶೀಲನೆಯ ತಾರೀಖಿದ್ದರೆ ಸಾಲದು, ಅದು ಮುಗಿಯುವ ತಾರೀಖೂ ಬೇಕು.. ನೀವೇನಂತೀರಿ?